ಹೆಬ್ಬೆರಳಿನ ಉಬ್ಬು

ಪಂಕಜಳ ಎಡಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ವಾಲಿ, ಬುಡದ ಎಲುಬು ಅಡಿಕೆಯಷ್ಟು ಉಬ್ಬಿತ್ತು. ವರ್ಷಗಳಿಂದ ಕುಂಟುತ್ತಲೇ ಮನೆಗೆಲಸ ಮಾಡಿದ್ದಳು. ಮದುವೆ ಗೊತ್ತಾದ ವಾರವೇ ಅಪ್ಪ ತಾನಾಗಿ ಆಸ್ಪತ್ರೆಗೆ ಹೊರಡಿಸಿದಾಗ, ದೇವರು ಕೊನೆಗೂ ಕಣ್ಣು ಬಿಟ್ಟನೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕೈ ಮುಗಿದಳು.

"ಎರಡು ದಾರಿ ಇದೆ ಯಜಮಾನ್ರೇ," ಎಂದರು ಡಾಕ್ಟರಮ್ಮ. "ಎಲುಬು ಕತ್ತರಿಸಿ, ನೆಟ್ಟಗೆ ಕೂರಿಸಿ, ಸ್ಕ್ರೂ ಹಾಕೋದು ಒಂದು. ಎರಡು ಮೂರು ತಿಂಗಳು ಜೋಪಾನವಾಗಿರ್ಬೇಕು, ಆಮೇಲೆ ಆರಾಮಾಗಿ ನಡೀತಾಳೆ. ಉಬ್ಬನ್ನಷ್ಟೇ ಉಜ್ಜಿ ತೆಗೆದು, ಬೆರಳನ್ನ ನೆಟ್ಟಗೆ ಎಳೆದು ಹೊಲಿಯೋದು ಇನ್ನೊಂದು. ಬೇಗ ವಾಸಿಯಾಗುತ್ತೆ. ಆದ್ರೆ ವರ್ಷ ಕಳೆಯೋದ್ರೊಳಗೆ ಬೆರಳು ಮತ್ತೆ ವಾಲುತ್ತೆ, ನೋವೂ ವಾಪಸ್ ಬರುತ್ತೆ."

"ಮೊದಲನೇದೇ ಮಾಡಿಸಪ್ಪಾ," ಎಂದಳು ಪಂಕಜ. "ಎಷ್ಟು ನೋವಾದ್ರೂ ತಡ್ಕೋತೀನಿ."

ಅಪ್ಪ ಅವಳ ತಲೆ ನೇವರಿಸಿದ. "ಸುಮ್ನಿರು ಮಗಳೇ, ನಾನಿಲ್ವಾ?" ಎಂದು ಡಾಕ್ಟರಮ್ಮನ ಕಡೆ ತಿರುಗಿದ.

"ಉಜ್ಜಿಬಿಡಿ ತಾಯಿ. ಧಾರೆ ದಿನ ಕಾಲುಂಗುರ ತೊಡಿಸೋವಾಗ ಬೀಗರ ಕಣ್ಣಿಗೆ ನೆಟ್ಟಗೆ ಕಂಡ್ರೆ ಸಾಕು, ಆಮೇಲಿನ ಕುಂಟು ಅವ್ರ ಮನೇದು."