ಮೇಷ್ಟ್ರು ಮಾಡಿದಂತೆ

ಬೆಳಿಗ್ಗೆ ಆರು ಹತ್ತಕ್ಕೆ, ಪಾರ್ಕಿನ ನಗೆಕೂಟ ನಡೆಸುತ್ತಿದ್ದ ನಂಜರಾಜ ಮೇಷ್ಟ್ರಿಗೆ ಎದೆನೋವು ಬಂತು.

ಹನ್ನೊಂದು ವರ್ಷದಿಂದ ಅವರು ಕೈಯೆತ್ತಿದರೆ ಮೂವತ್ತೆರಡು ಮಂದಿಯೂ ಕೈಯೆತ್ತುತ್ತಿದ್ದರು, ಅವರು ನಕ್ಕರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಮ್ಮೆ ಅವರಿಗೆ ಸೀನು ಬಂದಾಗ ಎಲ್ಲರೂ ಸಾಲಾಗಿ ಸೀನಿದ್ದರು. ಈಗ ಮೇಷ್ಟ್ರು ಎದೆ ಒತ್ತಿಕೊಂಡು ಹುಲ್ಲಿನ ಮೇಲೆ ಕುಸಿದರು. ಮೂವತ್ತೆರಡು ಮಂದಿಯೂ ಎದೆ ಒತ್ತಿಕೊಂಡು ಕುಸಿದರು.

"ಅಯ್ಯೋ, ನೋವು!" ಎಂದರು ಮೇಷ್ಟ್ರು.

"ಅಯ್ಯೋ, ನೋವು!" ಎಂದಿತು ಕೂಟ.

"ತಮಾಷೆ ಅಲ್ರಪ್ಪಾ, ಡಾಕ್ಟ್ರನ್ನ ಕರೀರಿ!"

"ಡಾಕ್ಟ್ರನ್ನ ಕರೀರಿ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

"ನಿನ್ನೆ ಮಾಡಿಸಿದ ಸಿಂಹನಗೆಗಿಂತ ಇದೇ ವಾಸಿ ಸಾರ್," ಎಂದರು ಪಕ್ಕದಲ್ಲೇ ಹೊರಳಾಡುತ್ತಿದ್ದ ನಿವೃತ್ತ ತಹಶೀಲ್ದಾರ್ ಚನ್ನವೀರಪ್ಪ. "ಮೈಯೆಲ್ಲಾ ಬಿಸಿಯಾಯ್ತು ನೋಡಿ!"

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು, ದನಿ ಹೊರಡಲಿಲ್ಲ.

ಆ ದಾರಿಯಲ್ಲಿ ವಾಕಿಂಗ್ ಹೋಗುತ್ತಿದ್ದ ಹೆಂಗಸೊಬ್ಬರು ಗಾಬರಿಯಾಗಿ ಫೋನ್ ಮಾಡಿದರು. ಆರೂವರೆಗೆ ಆಂಬುಲೆನ್ಸ್ ಬಂತು. ಅದರಲ್ಲಿದ್ದವರು, ಎಲ್ಲರಿಗಿಂತ ಜೋರಾಗಿ ನರಳುತ್ತಿದ್ದ ಚನ್ನವೀರಪ್ಪನವರನ್ನು ಸ್ಟ್ರೆಚರ್ ಮೇಲೆ ಮಲಗಿಸಿಕೊಂಡು ಹೋದರು.