ಲೇಮಾರಾಳ ಡಬ್ಬಿ

ಪೆಸಿಫಿಕ್ ಸಾಗರದ ಮೆಲನೇಷ್ಯದ ದ್ವೀಪಗಳಿಂದ ಈಗ ಓಣಿಗೊಬ್ಬರು ಮಾನವಶಾಸ್ತ್ರಜ್ಞರು ಬಂದು ನಮ್ಮನ್ನು ಅಧ್ಯಯನ ಮಾಡುತ್ತಾರೆ. ಮೊದಮೊದಲು ಮುಜುಗರವಾಗುತ್ತಿತ್ತು, ಈಗ ಹಾಲಿನವನು ಬಂದು ಹೋದಷ್ಟೇ ಸಹಜ. ಗದಗಿನ ನಮ್ಮ ಓಣಿಗೆ ಬಂದವಳು ಲೇಮಾರಾ. ಎರಡು ವರ್ಷ ನಮ್ಮ ನೆರೆಮನೆಯ ಫಕೀರವ್ವನ ಮನೆಯಲ್ಲೇ ಇದ್ದು ರೊಟ್ಟಿ ಬಡಿಯುವುದನ್ನೂ ನಳದ ಮುಂದೆ ಜಗಳವಾಡುವುದನ್ನೂ ಕಲಿತಳು.

ಊರಿಗೆ ಹೊರಟ ದಿನ ಅವಳು ತೆಂಗಿನಹಾಲಿನಲ್ಲಿ ಬೇಯಿಸಿದ ಗೆಣಸನ್ನು ತನ್ನ ಡಬ್ಬಿಯಲ್ಲಿ ತುಂಬಿ ಫಕೀರವ್ವನಿಗೆ ಕೊಟ್ಟಳು. ಡಬ್ಬಿಯನ್ನು ಖಾಲಿ ಮರಳಿಸಬಾರದೆಂದು ಫಕೀರವ್ವ ಕೂಡಲೇ ಗೆಣಸನ್ನು ಬೇರೆ ಪಾತ್ರೆಗೆ ಸುರಿದು, ಅದನ್ನು ತೊಳೆದು, ಶೇಂಗಾದ ಉಂಡಿ ತುಂಬಿ ಕೈಗಿಟ್ಟಳು. ಲೇಮಾರಾಳ ಕಣ್ಣು ತುಂಬಿ ಬಂತು.

"ಯಾಕವ್ವಾ, ನಾ ನಿಮಗ ಬ್ಯಾಡಾದ್ನೇನ್ರಿ?"

"ಅಯ್ಯ ಹುಚ್ಚಿ, ಹಂಗ್ಯಾಕಂತಿ?"

"ನಮ್ಮ ದ್ವೀಪದಾಗ ಕೊಟ್ಟ ಕೂಡಲೇ ತಿರುಗಿ ಕೊಟ್ರ ನಂಟು ಹರದ್ಹಂಗ್ರಿ. ಕೊಡೋದು ಏನರ ಉಳದ್ರ ಮಾತ್ರ ನಂಟೂ ಉಳೀತೈತಿ."

ಫಕೀರವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಎರಡು ವರ್ಷ ನೀ ನಮ್ಮನ್ನ ಕಲತಿ. ನಾ ಒಂದಿನಾನೂ ನಿಮ್ಮ ಪದ್ಧತಿ ಕೇಳಲಿಲ್ಲ ನೋಡವ್ವಾ."

ಡಬ್ಬಿಯನ್ನು ಕಸಿದುಕೊಂಡು ತನ್ನ ಹಿತ್ತಾಳೆ ಪಾತ್ರೆಗಳ ನಡುವೆ ಗೋಡೆಯ ಮಾಡಿನಲ್ಲಿಟ್ಟಳು.

"ಇದು ನನ್ನ ಕಡೇನ ಇರಲಿ. ಇಸ್ಕೊಳ್ಳಾಕ ನೀನ ಬರಬೇಕು."

ಹುಟ್ಟಿದಾಗಿನಿಂದ ಯಾರನ್ನೂ ಬರಿಗೈಯಲ್ಲಿ ಕಳಿಸದ ಫಕೀರವ್ವ, ಅಂದು ಮಗಳಂಥವಳನ್ನು ಬರಿಗೈಯಲ್ಲೇ ಬಸ್ಸು ಹತ್ತಿಸಿದಳು.