ನಿಜವಾದ ಆಯುಧ

ಬಡಾವಣೆಯ ದಸರಾ ವಿಡಿಯೊ ಗೇಮ್ ಸ್ಪರ್ಧೆಯ ಕೊನೆಯ ಸುತ್ತಿಗೆ ಉಳಿದವರು ಅಣ್ಣ ತಂಗಿ ಇಬ್ಬರೇ. ಅಣ್ಣನದು ಬಿಡಿಭಾಗ ತಂದು ಕೈಯಾರೆ ಜೋಡಿಸಿದ ಕಂಪ್ಯೂಟರ್. ತಂಗಿಯದು ಟಿವಿಗೆ ಸಿಕ್ಕಿಸಿ ಆಡುವ ಕನ್ಸೋಲ್. ಸಂಜೆ ಇಬ್ಬರೂ ಮನೆಯಿಂದಲೇ ಗೇಮಿನ ಕಾರು ಓಡಿಸಿ ಸ್ಪರ್ಧಿಸಬೇಕಿತ್ತು.

ಬೆಳಿಗ್ಗೆ ಆಯುಧಪೂಜೆಗೆ ಕೂತ ಅಜ್ಜಿ ಕೇಳಿದರು, "ಇವೆರಡರಲ್ಲಿ ಆಯುಧ ಯಾವುದ್ರೋ?"

"ನಂದೇ ಅಜ್ಜಿ! ಒಂದೊಂದು ಸ್ಕ್ರೂನೂ ನಾನೇ ತಿರುಗಿಸಿದ್ದು. ಅವಳದು ಮಕ್ಕಳ ಆಟದ ಸಾಮಾನು," ಎಂದ ಅಣ್ಣ.

ವರ್ಷವಿಡೀ ಈ ಮಾತಿಗೆ ಜಗಳ ಕಾಯುತ್ತಿದ್ದ ತಂಗಿ ಅಂದು ತಲೆಯಾಡಿಸಿದಳು. "ಹೌದಜ್ಜಿ, ಅವನು ಹೇಳೋದೇ ಸರಿ."

ಕೊನೆಗೂ ಒಪ್ಪಿದಳಲ್ಲ ಎಂದು ಹಿಗ್ಗಿದ ಅಣ್ಣ, ತಾನೇ ಕಂಪ್ಯೂಟರನ್ನು ಹೊತ್ತು ತಂದು ದೇವರ ಮುಂದಿಟ್ಟ. ಅಜ್ಜಿ ಅದಕ್ಕೆ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಭಕ್ತಿಯಿಂದ ಆರತಿ ಎತ್ತಿದರು.

"ಇನ್ನು ನಾಳೆ ವಿಜಯದಶಮಿ ಪೂಜೆ ಆಗೋವರೆಗೂ ಇದನ್ನ ಯಾರೂ ಮುಟ್ಟೋ ಹಾಗಿಲ್ಲ."

"ಅಜ್ಜೀ! ಸಂಜೆ ಸ್ಪರ್ಧೆ ಇದೆ!"

"ಪೂಜೆಗಿಟ್ಟ ಆಯುಧ ಕಣೋ. ನಿಮ್ಮ ತಾತ ಇದ್ದಿದ್ರೆ ಇವತ್ತು ಪೆನ್ನು ಕೂಡ ಮುಟ್ತಿರಲಿಲ್ಲ."

ತಂಗಿ ಟಿವಿ ಮುಂದೆ ಕಾಲು ಚಾಚಿ ಕೂತಳು.

"ಬಾರೋ ಅಣ್ಣ, ಕೂತ್ಕೊಂಡು ನೋಡು. ಮಕ್ಕಳ ಆಟದ ಸಾಮಾನಿಗೆ ಮಡಿಯಿಲ್ಲ."